ಕೈತೋಟಕ್ಕೆ ಯಾವ ನೀರು? ಕಾಸರಗೋಡಿನ ಮನೆಗಳಿಗೊಂದು ಹೋಲಿಕೆ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಕೇರಳದ 44 ನದಿಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿ ಹರಿಯುತ್ತವೆ. ಆದರೂ ಎಪ್ರಿಲ್ ಬಂತೆಂದರೆ ಬಸಳೆ ಚಪ್ಪರಕ್ಕೆ ನೀರು ಎಲ್ಲಿಂದ ಎಂಬ ಚಿಂತೆ ಮಂಜೇಶ್ವರದಿಂದ ಬಂದಡ್ಕದವರೆಗೆ ಎಲ್ಲ ಮನೆಗಳಲ್ಲೂ ಒಂದೇ ರೀತಿ ಕೇಳಿಸುತ್ತದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ ತಾನು ಕುಡಿದ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದಿಲ್ಲ, ಹೊಳೆಗಳೋ ಘಟ್ಟದ ಬುಡದಿಂದ ಕಡಲಿಗೆ ಬೇಗನೆ ಇಳಿದುಬಿಡುತ್ತವೆ. ಹೀಗಾಗಿ ಇಲ್ಲಿಯ ಬಹಳಷ್ಟು ಮನೆಗಳು ಒಂದೇ ನೀರನ್ನು ನಂಬಿ ಕೂತಿಲ್ಲ. ಬಾವಿಯ ಜೊತೆಗೆ ನಳ್ಳಿ, ನಳ್ಳಿಯ ಜೊತೆಗೆ ಬೋರ್, ಮೇಲಿನ ಗುಡ್ಡದಲ್ಲಿ ಅಜ್ಜನ ಕಾಲದ ಸುರಂಗ ಎಂದು ಎರಡು ಮೂರು ಮೂಲಗಳಿರುತ್ತವೆ. ಅವುಗಳಲ್ಲಿ ಗ್ರೋಬ್ಯಾಗಿನ ತರಕಾರಿಗೆ, ಮಲ್ಲಿಗೆ ಗಿಡಕ್ಕೆ, ಕರಿಮೆಣಸಿನ ಕುಡಿ ಊರಿದ ತೊಟ್ಟೆಗಳಿಗೆ (ಸಣ್ಣ ಪ್ಲಾಸ್ಟಿಕ್ ಚೀಲಗಳಿಗೆ) ಯಾವುದು ಒಳ್ಳೆಯದು ಎಂಬುದನ್ನು ಹೋಲಿಸಿ ನೋಡುವುದು ಈ ಬರಹದ ಉದ್ದೇಶ. ಅಡಿಕೆ, ತೆಂಗಿನ ತೋಟದ ನೀರಾವರಿ ಬೇರೆಯೇ ಲೆಕ್ಕದ ವಿಷಯವಾದ್ದರಿಂದ ಅದನ್ನು ಇಲ್ಲಿ ಮುಟ್ಟುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶುದ್ಧವಾದ ನೀರು ಯಾವುದು ಎಂದು ಹುಡುಕುವುದಕ್ಕಿಂತ, ಮೇ ತಿಂಗಳ ನಡುವಿನಲ್ಲಿಯೂ ಉಪ್ಪಾಗದೆ ಸಿಗುವ ನೀರು ಯಾವುದು, ಅದರಲ್ಲಿ ಗಿಡಕ್ಕೆ ಕೊರತೆಯಾಗುವುದು ಏನು ಎಂದು ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಅಳೆಯುವ ತಿಂಗಳು, ಅಳೆಯುವ ವಿಧಾನ

ಆಗಸ್ಟ್ ತಿಂಗಳಲ್ಲಿ ಮೊಗ್ರಾಲಿನ ಬಾವಿಯ ನೀರೂ ಸಿಹಿ, ಬಾಯಾರಿನ ಸುರಂಗದ ನೀರೂ ಸಿಹಿ. ಅವುಗಳ ಅಂತರ ಗೊತ್ತಾಗುವುದು ಎಪ್ರಿಲ್ ನಡುವಿನಲ್ಲಿ ತುಳುವರ ಪಗ್ಗು ತಿಂಗಳು ಹುಟ್ಟಿದ ಮೇಲೆ. ಆದ್ದರಿಂದ ಪರೀಕ್ಷೆಯನ್ನು ಎಪ್ರಿಲ್ ಕೊನೆಯಿಂದ ಪತ್ತನಾಜೆಯ (ಮೇ 24ರ ಸುಮಾರಿನ ದಿನ) ಒಳಗೆ, ಮೊದಲ ಮಳೆ ಬೀಳುವ ಮುನ್ನ ಮಾಡಬೇಕು. ಮಳೆಗಾಲದ ವರದಿಯನ್ನು ನಂಬಿ ಬೇಸಿಗೆಯ ಗಿಡ ನೆಟ್ಟರೆ ಅದು ಲೆಕ್ಕ ತಪ್ಪಿದಂತೆಯೇ.

ಕೆಲವು ನೂರು ರೂಪಾಯಿಗೆ ಸಿಗುವ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಮತ್ತು ರಸಸಾರ (ನೀರು ಹುಳಿಯೋ ಕ್ಷಾರವೋ ಎಂಬುದರ ಅಳತೆ) ತೋರಿಸುವ ಪಿಎಚ್ ಕಾಗದ, ಇವೆರಡಿದ್ದರೆ ಮನೆಯ ಮಟ್ಟಿಗೆ ಸಾಕು. ನೀರಿನಲ್ಲಿ ಕರಗಿದ ಲವಣ 450 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಒಳಗಿದ್ದರೆ ಯಾವ ಬೆಳೆಗೂ ನಿರ್ಬಂಧವಿಲ್ಲ, ಅಲ್ಲಿಂದ 2,000ದವರೆಗೆ ಎಚ್ಚರಿಕೆಯಿಂದ ಬಳಸಬೇಕು, ಅದನ್ನು ಮೀರಿದರೆ ಹೆಚ್ಚಿನ ಬೆಳೆಗಳಿಗೆ ಕೂಡದು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಳತೆ. ಈ ಅಳತೆಯು ಹೊಲದ ಮಣ್ಣಿಗೆ ಹೇಳಿದ್ದು, ಹತ್ತು ಕಿಲೋ ಮಣ್ಣು ಹಿಡಿಯುವ ಚೀಲಕ್ಕೆ ಹೇಳಿದ್ದಲ್ಲ ಎಂಬುದನ್ನು ಮರೆಯಬಾರದು. 640 ಪಿಪಿಎಂ ಲವಣವಿರುವ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ನೂರು ದಿನ ಹೊಯ್ದರೆ ಒಂದೊಂದು ಚೀಲಕ್ಕೆ 128 ಗ್ರಾಂ ಲವಣ ಸೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ಚೀಲ ಮತ್ತು ಕುಂಡಗಳ ಮಟ್ಟಿಗೆ 300 ಪಿಪಿಎಂ ದಾಟಿದ ನೀರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಮಾದರಿಯನ್ನು ಎರಡು ಸಲ ತೆಗೆಯಬೇಕು: ಪಂಪು ಹಾಕಿದ ಕೂಡಲೇ ಒಂದು, ಅರ್ಧ ಗಂಟೆ ಓಡಿದ ಮೇಲೆ ಇನ್ನೊಂದು. ಎರಡನೆಯದರಲ್ಲಿ ಲವಣದ ಅಂಕಿ ಏರಿದ್ದರೆ ಕೆಳಗಿನಿಂದ ಉಪ್ಪುನೀರು ಎಳೆದುಕೊಂಡು ಬರುತ್ತಿದೆ ಎಂದರ್ಥ. ರಸಸಾರವನ್ನು ಮಾತ್ರ ನೀರು ಎತ್ತಿದ ತಕ್ಷಣ ನೋಡಿ ತೀರ್ಮಾನಕ್ಕೆ ಬರಬಾರದು. ನೆಲದೊಳಗಿನಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅದು ಮೊದಲು ಹೆಚ್ಚು ಹುಳಿಯಾಗಿ ಕಾಣುತ್ತದೆ. ತೆರೆದ ಬಾಲ್ದಿಯಲ್ಲಿ ಅರ್ಧ ದಿನ ಇಟ್ಟ ಮೇಲೆ ಬರುವ ಅಂಕಿಯೇ ನಂಬಬಹುದಾದದ್ದು.

ಕಬ್ಬಿಣದ ಅಂಶಕ್ಕೆ ಉಪಕರಣವೇ ಬೇಡ. ಬಿಳಿ ಬಾಲ್ದಿಯಲ್ಲಿ ರಾತ್ರಿಯಿಡೀ ನೀರಿಟ್ಟು ಬೆಳಿಗ್ಗೆ ತಳ ನೋಡಿದರೆ ಕಂದು ಗಸಿ ತಾನೇ ಹೇಳುತ್ತದೆ. ಇನ್ನೂ ಬೇಗ ತಿಳಿಯಬೇಕಿದ್ದರೆ ಎರಡು ಪೇರಳೆ ಎಲೆಗಳನ್ನು ಜಜ್ಜಿ ಒಂದು ಲೋಟ ನೀರಿಗೆ ಹಾಕಿದರಾಯಿತು. ಎಲೆಯ ಒಗರಿಗೂ ಕಬ್ಬಿಣಕ್ಕೂ ಕೂಡಿಬಂದರೆ ನೀರು ಸ್ವಲ್ಪ ಹೊತ್ತಿನಲ್ಲಿ ಕಪ್ಪು ನೀಲಿಗೆ ತಿರುಗುತ್ತದೆ. ಚಹಾ ಮಾಡಿದರೆ ಕಪ್ಪಾಗುವ ನೀರೂ ಇದೇ ಜಾತಿಯದು.

ಸುರಂಗದ ನೀರು

ಎಣ್ಮಕಜೆ, ಪೈವಳಿಕೆ, ಬಾಯಾರು, ಪಡ್ರೆ ಕಡೆಯವರಿಗೆ ಸುರಂಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುವುದಾದರೆ, ಮುರಕಲ್ಲಿನ ಗುಡ್ಡದ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ ಎತ್ತರದಲ್ಲಿ, ನೀರಿನ ಒರತೆ ಸಿಗುವವರೆಗೆ ಕೊರೆದುಕೊಂಡು ಹೋಗುವ ಗುಹೆ ಇದು. ಕೆಲವು ಹತ್ತೇ ಮೀಟರಿಗೆ ನೀರು ಕೊಟ್ಟರೆ ಕೆಲವು ನೂರಾರು ಮೀಟರ್ ಒಳಗೆ ಹೋಗಿವೆ. ನೀರು ತಾನಾಗಿಯೇ ಹೊರಗೆ ಹರಿದು ಬರುವುದರಿಂದ ಪಂಪು ಬೇಡ, ಕರೆಂಟು ಬೇಡ. ಹಿಂದೆ ಅಡಿಕೆ ಮರದ ದಂಬೆ ಕೊಟ್ಟು ಅಂಗಳಕ್ಕೆ ತರುತ್ತಿದ್ದುದನ್ನು ಈಗ ಪೈಪಿನಲ್ಲಿ ತರುತ್ತಾರೆ.

ಗುಣದಲ್ಲಿ ಇದಕ್ಕೆ ಸಮನಾದದ್ದು ಮಳೆನೀರೊಂದೇ. ಮುರಕಲ್ಲು ಲಕ್ಷಾಂತರ ವರ್ಷಗಳ ಮಳೆಯಲ್ಲಿ ತೊಳೆದುಹೋದ ಕಲ್ಲು. ಅದರಲ್ಲಿ ಸುಣ್ಣವಾಗಲಿ ಮೆಗ್ನೀಸಿಯಂ ಆಗಲಿ ಹೆಚ್ಚು ಉಳಿದಿಲ್ಲ. ಆದುದರಿಂದ ಅದರ ಮೂಲಕ ಜಿನುಗುವ ನೀರಿನಲ್ಲಿ ಲವಣ ಬಹಳ ಕಡಿಮೆ, ರಸಸಾರ ತುಸು ಹುಳಿಯ ಕಡೆಗೆ. ಸಾಬೂನು ಬೇಗ ನೊರೆ ಕೊಡುತ್ತದೆ, ಹಂಡೆಯ ತಳದಲ್ಲಿ ಬಿಳಿ ಹೆಪ್ಪು ಕಟ್ಟುವುದಿಲ್ಲ. ಮೊಳಕೆಗೆ, ಕುಡಿ ಊರುವುದಕ್ಕೆ, ಎಲೆಗೆ ಸಿಂಪಡಿಸುವ ಮದ್ದು ಬೆರೆಸುವುದಕ್ಕೆ ಇದಕ್ಕಿಂತ ಒಳ್ಳೆಯ ನೀರು ಬೇಕೆಂದರೆ ಸಿಗದು.

ಆದರೆ ಇಷ್ಟು ಮೆದು ನೀರಿಗೆ ತನ್ನದೇ ಆದ ಎರಡು ಕೊರತೆಗಳಿವೆ, ಅವನ್ನು ಹೇಳುವವರು ಕಡಿಮೆ. ಒಂದನೆಯದಾಗಿ, ಗಡಸು ನೀರು ದಿನದಿನವೂ ಗಿಡಕ್ಕೆ ಸ್ವಲ್ಪ ಸ್ವಲ್ಪ ಸುಣ್ಣವನ್ನೂ ಮೆಗ್ನೀಸಿಯಂ ಅನ್ನೂ ಕೊಡುತ್ತದೆ, ಸುರಂಗದ ನೀರು ಅದನ್ನು ಕೊಡುವುದಿಲ್ಲ. ಕೊಕೊಪೀಟ್ ತುಂಬಿದ ಚೀಲದ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು, ಹಳೆಯ ಎಲೆಗಳ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗುವುದು ಇದರ ಲಕ್ಷಣಗಳು. ಎರಡನೆಯದಾಗಿ, ಹುಳಿಯನ್ನು ತಡೆದು ನಿಲ್ಲಿಸುವ ಶಕ್ತಿ ಈ ನೀರಿಗಿಲ್ಲದ ಕಾರಣ ಯೂರಿಯಾ ಅಥವಾ ಅಮೋನಿಯಂ ಗೊಬ್ಬರ ಹಾಕುತ್ತಾ ಬಂದರೆ ಚೀಲದ ಮಣ್ಣು ಬೇಗ ಹುಳಿಗೆ ಇಳಿಯುತ್ತದೆ. ನಮ್ಮ ಮಣ್ಣು ಮೊದಲೇ ಹುಳಿ. ಬದನೆ, ಟೊಮೆಟೊ, ಹಸಿಮೆಣಸಿನ ಗಿಡಗಳು ಹಸಿರಾಗಿದ್ದಂತೆಯೇ ಒಂದು ಮಧ್ಯಾಹ್ನ ಜೋತುಬಿದ್ದು ಸಾಯುವ ಬ್ಯಾಕ್ಟೀರಿಯಾ ಸೊರಗು ರೋಗಕ್ಕೆ ಅಂಥ ಮಣ್ಣು ಇಷ್ಟ. ನಾಟಿಗೆ ಎರಡು ವಾರ ಮೊದಲು ಮಣ್ಣಿಗೆ ಸುಣ್ಣ ಅಥವಾ ಡೋಲೊಮೈಟ್ ಸೇರಿಸುವುದೇ ಇದಕ್ಕೆ ಪರಿಹಾರ. ಡೋಲೊಮೈಟಿನಲ್ಲಿ ಮೆಗ್ನೀಸಿಯಂ ಕೂಡ ಇರುವುದರಿಂದ ಸುರಂಗದ ನೀರಿನವರಿಗೆ ಅದೇ ಹೆಚ್ಚು ಒಪ್ಪುತ್ತದೆ. ಬಚ್ಚಲಿನ ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಿಡಿ ಹಿಡಿಯಾಗಿ ಹಾಕುವ ನಮ್ಮ ಹಿರಿಯರ ಪದ್ಧತಿ ಈ ನೀರಿನೊಂದಿಗೆ ಸರಿಹೊಂದುತ್ತದೆ. ಅದೇ ಬೂದಿಯನ್ನು ಬೋರ್ ನೀರಿನ ಚೀಲಕ್ಕೆ ಹಾಕುವುದು ಅಷ್ಟು ಸರಿಯಲ್ಲ, ಕಾರಣ ಮುಂದೆ ಬರುತ್ತದೆ.

ಸುರಂಗದ ಹರಿವು ಸಣ್ಣದೆಂದು ಅದನ್ನು ಲೆಕ್ಕಕ್ಕಿಲ್ಲದಂತೆ ಬಿಟ್ಟವರಿದ್ದಾರೆ. ಹದಿನೈದು ಲೀಟರಿನ ಕೊಡಪಾನ ತುಂಬಲು ಹತ್ತು ನಿಮಿಷ ಬೇಕಾಗುವ ಹರಿವಿದ್ದರೂ ಅದು ಹಗಲು ರಾತ್ರಿ ಸೇರಿ 2,160 ಲೀಟರ್ ಆಗುತ್ತದೆ. ಮೂವತ್ತು ಚೀಲಗಳ ಕೈತೋಟಕ್ಕೆ ಬಿಸಿಲುಗಾಲದಲ್ಲಿ ದಿನಕ್ಕೆ ಬೇಕಾಗುವುದು ಹೆಚ್ಚೆಂದರೆ 60 ಲೀಟರ್. ಬೇಕಾದದ್ದು ದೊಡ್ಡ ಹರಿವಲ್ಲ, ರಾತ್ರಿಯ ನೀರನ್ನು ಹಿಡಿದಿಡುವ ಒಂದು ತೊಟ್ಟಿ. ಸುರಂಗದ ಬಾಯಿಯಲ್ಲಿ ಮಣ್ಣು ಕುಸಿಯದಂತೆ ನೋಡಿಕೊಳ್ಳುವುದು, ಒಳಗಿನ ಕೆಸರನ್ನು ಅನುಭವಸ್ಥರಿಂದಲೇ ತೆಗೆಸುವುದು ಇಷ್ಟೇ ಅದರ ಖರ್ಚು. ಗಾಳಿ ಆಡದ ಹಳೆಯ ಸುರಂಗದೊಳಗೆ ಉಸಿರುಗಟ್ಟುವ ಅಪಾಯವಿರುವುದರಿಂದ ಮನೆಯವರೇ ಟಾರ್ಚು ಹಿಡಿದು ನುಗ್ಗಬಾರದು.

ತೆರೆದ ಬಾವಿ: ಗುಡ್ಡದ ಮೇಲೆ ಒಂದು, ಕಡಲ ಬದಿಯಲ್ಲಿ ಇನ್ನೊಂದು

ಮುರಕಲ್ಲಿನಲ್ಲಿ ತೋಡಿದ ಬಾವಿಯ ನೀರು ಗುಣದಲ್ಲಿ ಸುರಂಗದ ನೀರಿನ ತಮ್ಮ. ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ವ್ಯತ್ಯಾಸ ಎರಡೇ: ಬೇಸಿಗೆಯ ಕೊನೆಗೆ ಅದು ತಳ ಕಾಣುತ್ತದೆ, ಮತ್ತು ಶೌಚದ ಗುಂಡಿ ಹತ್ತಿರವಿದ್ದರೆ ರೋಗಾಣು ಸೇರುತ್ತದೆ. ಗಿಡಕ್ಕೆ ಅದರಿಂದ ತೊಂದರೆಯಿಲ್ಲ, ತಿನ್ನುವವರಿಗೆ ಇದೆ. ಬೇಯಿಸಿ ತಿನ್ನುವ ಅಲಸಂಡೆ, ಹರಿವೆಗೆ ಹೆದರಬೇಕಾಗಿಲ್ಲ. ತಂಬುಳಿಗೆ ಹಸಿಯಾಗಿಯೇ ಅರೆಯುವ ಒಂದೆಲಗ, ಹಾಗೆಯೇ ಕೊಯ್ದು ತಿನ್ನುವ ಮುಳ್ಳುಸೌತೆ ಇಂಥವಕ್ಕೆ ನೀರನ್ನು ಎಲೆಯ ಮೇಲೆ ಚಿಮುಕಿಸದೆ ಬುಡಕ್ಕೆ ಹೊಯ್ಯಬೇಕು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ, ಸಾಮಾನ್ಯ ಪ್ರಮಾಣ 1,000 ಲೀಟರಿಗೆ 2.5 ಗ್ರಾಂ, ಮರುದಿನದಿಂದ ಗಿಡಗಳಿಗೆ ಬಳಸಲು ಅಡ್ಡಿಯಿಲ್ಲ.

ಕಡಲ ಬದಿಯ ಬಾವಿಯ ಕತೆ ಬೇರೆ. ಉಪ್ಪಳ, ಕುಂಬಳೆ, ಮೊಗ್ರಾಲು, ಕಸಬಾ ಕಡೆಯ ಹೊಯಿಗೆ (ಮರಳು) ನೆಲದಲ್ಲಿ ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಉಪ್ಪುನೀರು ತೂಕದ್ದು, ಸಿಹಿನೀರು ಹಗುರ. ಕಡಲ ಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ಈ ಲೆಕ್ಕವನ್ನು ತಿರುಗಿಸಿ ಓದಿದರೆ ಅಪಾಯ ತಿಳಿಯುತ್ತದೆ: ಪಂಪು ಹಾಕಿ ಬಾವಿಯ ಮಟ್ಟವನ್ನು ಒಂದು ಅಡಿ ಇಳಿಸಿದರೆ ಅಡಿಯಿಂದ ಉಪ್ಪುನೀರು ಕಾಲಕ್ರಮದಲ್ಲಿ 40 ಅಡಿಯವರೆಗೂ ಏರಿ ಬರಬಹುದು. ಹೆಚ್ಚು ನೀರು ಬೇಕೆಂದು ಬಾವಿಯನ್ನು ಇನ್ನಷ್ಟು ಆಳ ಮಾಡಿಸುವುದು ಇಲ್ಲಿ ಉಪ್ಪನ್ನು ಕರೆದುಕೊಂಡು ಬರುವ ಕೆಲಸ. ಅಗಲ ಹೆಚ್ಚಿಸಬಹುದು, ಆಳ ಬೇಡ. ಸಣ್ಣ ಪಂಪನ್ನು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಓಡಿಸಿ, ಹೀರುವ ಪೈಪಿನ ಬಾಯಿ ನೀರಿನ ಮೇಲ್ಪದರದ ಹತ್ತಿರವೇ ಇರುವಂತೆ ಕಟ್ಟಿದರೆ ಅದೇ ಬಾವಿ ಮೇ ತಿಂಗಳವರೆಗೂ ಬಾಳುತ್ತದೆ.

ಉಪ್ಪು ಸೇರಿದ ನೀರಿನ ಗುರುತು ಬೀನ್ಸ್ ಮತ್ತು ಹಸಿಮೆಣಸಿನ ಎಲೆಗಳಲ್ಲಿ ಮೊದಲು ಕಾಣುತ್ತದೆ. ಎಲೆಯ ತುದಿಯಿಂದ ಅಂಚಿನುದ್ದಕ್ಕೂ ಸುಟ್ಟಂತೆ ಕಂದು ಗೆರೆ ಹಬ್ಬುತ್ತದೆ, ನಡುಭಾಗ ಹಸಿರಾಗಿಯೇ ಇರುತ್ತದೆ, ಮಣ್ಣಿನ ಚಟ್ಟಿಯ ಹೊರಮೈಯಲ್ಲಿ ಬೆರಳಿಗೆ ಹತ್ತುವ ಬಿಳಿ ಹುಡಿ ಏಳುತ್ತದೆ. ಗಿಡ ಬಾಡಿತೆಂದು ಅದೇ ನೀರನ್ನು ಮತ್ತೆ ಮತ್ತೆ ಚೂರುಚೂರು ಹೊಯ್ಯುವುದರಿಂದ ಕೆಡುಕು ಹೆಚ್ಚುತ್ತದೆ. ಹೊಯ್ಯುವಾಗ ಬುಡದ ತೂತಿನಿಂದ ಐದರಲ್ಲಿ ಒಂದು ಪಾಲು ಹೊರಗೆ ಹರಿಯುವಷ್ಟು ಧಾರಾಳವಾಗಿ ಹೊಯ್ದರೆ ಲವಣ ತೊಳೆದುಹೋಗುತ್ತದೆ.

ಬೆಳೆಯ ಆಯ್ಕೆಯೂ ಇಲ್ಲಿ ಅರ್ಧ ಉತ್ತರ. ಬೀನ್ಸ್, ಈರುಳ್ಳಿ, ಬದನೆ, ಹಸಿಮೆಣಸು ಉಪ್ಪಿಗೆ ಬೇಗ ಸೋಲುತ್ತವೆ. ಟೊಮೆಟೊ, ಮುಳ್ಳುಸೌತೆ ಅದಕ್ಕಿಂತ ತುಸು ಗಟ್ಟಿ. ನಮ್ಮ ಅಲಸಂಡೆ ಬೀನ್ಸಿನ ಬಂಧುವೇ ಆದರೂ ಉಪ್ಪನ್ನು ಅದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿ ತಾಳುತ್ತದೆ. ಕುಂಬಳೆಯ ಹೊಯಿಗೆ ಹಿತ್ತಿಲಿನವರು ಸೂಪರ್ ಮಾರ್ಕೆಟಿನ ಬೀನ್ಸ್ ಬೀಜಕ್ಕೆ ಹಣ ಕೊಡುವ ಬದಲು ಅಲಸಂಡೆಯನ್ನೇ ಹಬ್ಬಿಸಿದರೆ ನೀರಿನ ತಲೆನೋವು ಅಷ್ಟರಮಟ್ಟಿಗೆ ಇಳಿಯುತ್ತದೆ.

ಬೋರ್ ನೀರು

ನೀರು ಸಾಕಷ್ಟು ಬರುತ್ತದೆ, ಸ್ವಿಚ್ ಹಾಕಿದರಾಯಿತು, ಆದ್ದರಿಂದ ಬೋರ್ ಇರುವ ಮನೆಯವರು ಬೇರೆ ಮೂಲಗಳನ್ನು ಮರೆಯುತ್ತಾರೆ. ಕೈತೋಟದ ದೃಷ್ಟಿಯಿಂದ ನಾನು ಅದನ್ನು ಕೊನೆಯ ಸಾಲಿನಲ್ಲಿ ಇಡುತ್ತೇನೆ, ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಕಬ್ಬಿಣ. ಪಂಪಿನಿಂದ ಬೀಳುವಾಗ ಕನ್ನಡಿಯಂತಿರುವ ನೀರು ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಇದರಿಂದ ಗಿಡಕ್ಕೆ ವಿಷವೇರುವುದು ಅಪರೂಪ. ತೊಂದರೆಯಾಗುವುದು ಡ್ರಿಪ್ಪಿನ ತೂತುಗಳಿಗೆ, ಬಿಳಿ ಮಲ್ಲಿಗೆಯ ಮೊಗ್ಗಿನ ಮೇಲೆ ಕೂರುವ ಕಂದು ಚುಕ್ಕೆಗೆ, ತೊಟ್ಟಿಯ ಗೋಡೆಗೆ. ತೊಟ್ಟಿಯ ಮೇಲೆ ಎಣ್ಣೆಯಂಥ ಬಣ್ಣದ ಪೊರೆ ಕಂಡು ಡೀಸೆಲ್ ಸೋರಿತೆಂದು ಗಾಬರಿಯಾಗುವವರುಂಟು. ಒಂದು ಕಡ್ಡಿಯಿಂದ ಅದನ್ನು ತಿವಿದು ನೋಡಬೇಕು: ಎಣ್ಣೆಯಾದರೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆಯಾದರೆ ಒಡೆದ ಗಾಜಿನ ಚೂರುಗಳಾಗಿ ಹಾಗೆಯೇ ನಿಲ್ಲುತ್ತದೆ. ಪರಿಹಾರವೂ ಗಾಳಿಯೇ. ತೂತು ಕೊರೆದ ಪೈಪಿನಿಂದ ನೀರನ್ನು ಮೂರು ನಾಲ್ಕು ಅಡಿ ಎತ್ತರದಿಂದ ಜಲ್ಲಿ, ಇದ್ದಿಲು, ಹೊಯಿಗೆಯ ಪದರದ ಮೇಲೆ ಬೀಳಿಸಿ, ಒಂದು ರಾತ್ರಿ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಗಿಡಗಳಿಗೆ ತೆಗೆದುಕೊಂಡರೆ ಬಹುಪಾಲು ಕಬ್ಬಿಣ ಹಿಂದೆ ಉಳಿಯುತ್ತದೆ.

ಎರಡನೆಯದು ಬೈಕಾರ್ಬೊನೇಟ್. ಆಳದ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಲವಣವನ್ನು ಕರಗಿಸಿಕೊಂಡು ಗಡಸಾಗುತ್ತದೆ. ರಸಸಾರದ ಕಾಗದ ಏಳೂವರೆ ತೋರಿಸಿದರೆ ದೊಡ್ಡದೇನೂ ಅಲ್ಲವೆಂದು ಕಾಣುತ್ತದೆ, ಆದರೆ ವಾರ ವಾರಕ್ಕೂ ಚೀಲದ ಮಣ್ಣಿನ ಹುಳಿಯನ್ನು ಅದು ಅಳಿಸುತ್ತಾ ಹೋಗುತ್ತದೆ. ಎರಡು ತಿಂಗಳಲ್ಲಿ ಹೊಸ ಚಿಗುರು ಹಳದಿಯಾಗುತ್ತದೆ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕುವುದಿಲ್ಲ. ನೀರಿನಲ್ಲಿ ತುಕ್ಕು, ಗಿಡದಲ್ಲಿ ಕಬ್ಬಿಣದ ಕೊರತೆ ಎಂಬ ವಿಚಿತ್ರ ಒಂದೇ ಅಂಗಳದಲ್ಲಿ ಕಾಣುವುದು ಹೀಗೆ. ಮೇಲೆ ಬೂದಿಯನ್ನು ಬೇಡವೆಂದದ್ದೂ ಇದೇ ಕಾರಣಕ್ಕೆ: ಬೂದಿ ಮಣ್ಣಿನ ರಸಸಾರದ ಈ ಏರಿಕೆಗೆ ಇನ್ನಷ್ಟು ಒತ್ತು ಕೊಡುತ್ತದೆ. ಈ ನೀರನ್ನೇ ಬಳಸಬೇಕಾದವರು ಸುಣ್ಣವನ್ನು ನಿಲ್ಲಿಸಿ, ಅಮೋನಿಯಂ ಸಲ್ಫೇಟಿನಂಥ ಹುಳಿ ತರುವ ಗೊಬ್ಬರವನ್ನು ಮಿತವಾಗಿ ಹಾಕಿ, ತಿಂಗಳಿಗೆ ನಾಲ್ಕಾರು ಸಲವಾದರೂ ಸಂಗ್ರಹಿಸಿದ ಮಳೆನೀರನ್ನು ಬದಲಿಗೆ ಕೊಡುವುದು ಒಳ್ಳೆಯದು. ಬೋರ್ ಹೆಚ್ಚಿದ ಕಡೆ ಮೇಲಿನ ಬಾವಿ, ಸುರಂಗಗಳು ಬತ್ತಿದ ಊರುಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಮೂವತ್ತು ಚೀಲಗಳ ತರಕಾರಿಗಾಗಿ ಹೊಸತಾಗಿ ಬೋರ್ ಕೊರೆಸುವುದನ್ನು ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು.

ನಳ್ಳಿ ನೀರು

ಪಂಚಾಯತಿನ ಯೋಜನೆಯ ನೀರಾಗಲಿ ಪೇಟೆಯ ಕೊಳಾಯಿಯ ನೀರಾಗಲಿ, ಜನರು ಹೆದರುವುದು ಕ್ಲೋರಿನಿಗೆ. ಆ ಹೆದರಿಕೆ ಹೆಚ್ಚೇ ಆಯಿತು. ಕುಡಿಯುವ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ, ಅಷ್ಟಕ್ಕೆ ಗಿಡ ಹೆದರುವುದಿಲ್ಲ. ಜೀವಾಮೃತ, ಟ್ರೈಕೊಡರ್ಮಾ, ಸ್ಯೂಡೋಮೊನಾಸ್ ಕಲಸುವವರು ಮಾತ್ರ ನೀರನ್ನು ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವಾದರೆ ಹಣ ಕೊಟ್ಟು ತಂದ ಸೂಕ್ಷ್ಮಜೀವಿಗಳು ಬಾಲ್ದಿಯಲ್ಲಿಯೇ ಕಡಿಮೆಯಾಗುತ್ತವೆ.

ನಿಜವಾದ ಪ್ರಶ್ನೆ ನಳ್ಳಿಯ ಮೂಲ ಯಾವುದು ಎಂಬುದು. ಚಂದ್ರಗಿರಿ ಹೊಳೆಯ ನೀರನ್ನು ನಂಬಿದ ಕಾಸರಗೋಡು ಪೇಟೆಯಲ್ಲಿ ಹೊಳೆಗೆ ಅಡ್ಡಲಾಗಿರುವ ಬಾವಿಕ್ಕರೆಯ ಕಟ್ಟ (ಅಣೆ) ಗಟ್ಟಿಯಾಗಿ ನಿಲ್ಲುವ ಮೊದಲು, ಬೇಸಿಗೆಯಲ್ಲಿ ಹೊಳೆ ಸೊರಗಿ ಕಡಲಿನ ನೀರು ಮೇಲೇರಿ, ನಳ್ಳಿಯಲ್ಲೇ ಉಪ್ಪುನೀರು ಬರುತ್ತಿದ್ದುದು ಅಲ್ಲಿಯವರಿಗೆಲ್ಲ ನೆನಪಿರುವ ಸಂಗತಿ. ಹೊಳೆಯ ನೀರು ಬರುವ ಕಡೆಯವರು ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮೀಟರ್ ಅದ್ದಿ ನೋಡುವುದು ಲೇಸು. ಇನ್ನು, ಕುಡಿಯುವ ನೀರಿಗೇ ಲೆಕ್ಕ ಹಾಕುವ ತಿಂಗಳಲ್ಲಿ ಅದನ್ನು ಬೆಂಡೆಗೆ ಹೊಯ್ಯುವುದು ನೆರೆಹೊರೆಯವರ ದೃಷ್ಟಿಯಲ್ಲಿಯೂ ಚಂದವಲ್ಲ.

ತೋಡು, ಮದಕ, ಹೊಳೆ

ಲವಣದ ಮಟ್ಟಿಗೆ ತೋಡಿನ ನೀರೂ ಮದಕದ (ಮಳೆನೀರು ತಂಗುವ ಕೆರೆಯ) ನೀರೂ ಉತ್ತಮ. ಏತಡ್ಕದ ಕಡೆ ಇದ್ದಂತೆ ತೋಡಿಗೆ ಸಾಲಾಗಿ ಕಟ್ಟ ಕಟ್ಟುವ ಊರುಗಳಲ್ಲಿ ಸುತ್ತಲಿನ ಬಾವಿಗಳ ಮಟ್ಟವೂ ಬೇಸಿಗೆಯಲ್ಲಿ ಏರುತ್ತದೆ. ಹೊಳೆಯ ವಿಷಯದಲ್ಲಿ ಕಡಲಿಗೆ ಎಷ್ಟು ದೂರ ಎಂಬುದೇ ಮುಖ್ಯ. ಭರತ ಏರುವ ಜಾಗವಾದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಉಪ್ಪು ಹೆಚ್ಚು ದೂರ ಬರುತ್ತದೆ, ಆದ್ದರಿಂದ ನೀರೆತ್ತುವುದಿದ್ದರೆ ಇಳಿತದ ಕೊನೆಯಲ್ಲಿ ಎತ್ತಬೇಕು.

ಇವುಗಳ ನಿಜವಾದ ತೊಡಕು ರೋಗ. ಅಡಿಕೆಯ ಕೊಳೆರೋಗ ತರುವ ಶಿಲೀಂಧ್ರವೂ ಕರಿಮೆಣಸಿನ ಬಳ್ಳಿಯನ್ನು ಹದಿನೈದೇ ದಿನಗಳಲ್ಲಿ ಒಣಗಿಸುವ ಶೀಘ್ರ ಸೊರಗು ರೋಗದ ಶಿಲೀಂಧ್ರವೂ ಒಂದೇ ಕುಲದವು. ಅವುಗಳ ಬೀಜಕಣಗಳಿಗೆ ನೀರಿನಲ್ಲಿ ಈಜುವ ಬಾಲವಿದೆ. ತೋಟದ ಕಣಿಯಿಂದ ಬಸಿದು ಬಂದ ನೀರನ್ನು ಕರಿಮೆಣಸಿನ ಕುಡಿಯ ತೊಟ್ಟೆಗಳಿಗೆ ಹೊಯ್ಯುವುದೆಂದರೆ ರೋಗಕ್ಕೆ ಸವಾರಿ ಕೊಟ್ಟಂತೆ. ಶುಂಠಿಯ ಗೆಡ್ಡೆ ಕೊಳೆಯೂ ಬದನೆಯ ಸೊರಗೂ ಇದೇ ದಾರಿಯಲ್ಲಿ ಬರುತ್ತವೆ. ಮೇಲ್ಭಾಗದಲ್ಲಿ ತೋಟವಿಲ್ಲದ ಮದಕದ ನೀರಾದರೆ ಆತಂಕ ಕಡಿಮೆ. ತೋಟದ ಕೆಳಗಿನ ಕೆರೆಯ ನೀರಾದರೆ ಅದನ್ನು ಬಾಳೆಗೆ, ಕೆಸುವಿಗೆ, ತೆಂಗಿಗೆ ಬಿಟ್ಟು ಸಣ್ಣ ಗಿಡಗಳಿಗೆ ಬಾವಿಯ ನೀರನ್ನೇ ಇಡಬೇಕು. ಮೈಲುತುತ್ತಿನ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ನೀರು ಹಿಡಿದಿಡಲು ಬಳಸುವ ಅಭ್ಯಾಸವನ್ನೂ ಬಿಡಬೇಕು. ತಳದಲ್ಲಿ ಉಳಿದ ತಾಮ್ರ ಸಣ್ಣ ಸಸಿಗಳ ಬೇರಿಗೆ ಆಗುವುದಿಲ್ಲ.

ಮಳೆನೀರು

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಲೆಕ್ಕದಲ್ಲಿ ನೂರು ಚದರ ಮೀಟರಿನ ಮಾಡು ಇಲ್ಲಿಯ 3,000 ಮಿಲಿಮೀಟರ್ ಮಳೆಯಲ್ಲಿ, ಐದನೆಯ ಒಂದು ಪಾಲು ಪೋಲಾದರೂ, 2,40,000 ಲೀಟರ್ ಕೊಡುತ್ತದೆ. ಕೈತೋಟಕ್ಕೆ ಬೇಕಾದದ್ದು ಅದರಲ್ಲಿ ಅಲ್ಪಸ್ವಲ್ಪ: ಮೂವತ್ತು ಚೀಲಗಳಿಗೆ ದಿನಕ್ಕೆ 60 ಲೀಟರಿನಂತೆ ಫೆಬ್ರವರಿಯಿಂದ ಮೇವರೆಗಿನ 120 ದಿನಗಳಿಗೆ 7,200 ಲೀಟರ್. ಒಣ ಎಲೆಯ ಹೊದಿಕೆ ಕೊಟ್ಟರೆ ಅದಕ್ಕಿಂತ ಕಡಿಮೆಯೇ ಸಾಕು. ಬಾವಿಯ ನೀರಿನೊಂದಿಗೆ ಬೆರೆಸುವುದಾದರೆ 3,000 ಲೀಟರಿನ ತೊಟ್ಟಿಯೂ ದೊಡ್ಡ ಆಸರೆ. 1,200 ಪಿಪಿಎಂ ಉಪ್ಪಿನ ಬಾವಿ ನೀರಿಗೆ ಅಷ್ಟೇ ಮಳೆನೀರು ಸೇರಿಸಿದರೆ 600 ಆಗುತ್ತದೆ, ಮೂರು ಪಾಲು ಸೇರಿಸಿದರೆ 300ರ ಆಸುಪಾಸಿಗೆ ಬರುತ್ತದೆ. ಕಡಲ ಬದಿಯವರಿಗೆ ಇದಕ್ಕಿಂತ ಅಗ್ಗದ ಶುದ್ಧೀಕರಣ ಇಲ್ಲ.

ಮೊದಲ ಒಂದೆರಡು ಮಳೆಯ ನೀರು ಮಾಡಿನ ಧೂಳು, ಹಕ್ಕಿಯ ಹಿಕ್ಕೆ, ತರಗೆಲೆಗಳನ್ನು ತೊಳೆದು ತರುತ್ತದೆ, ಅದನ್ನು ಹೊರಗೆ ಬಿಡಬೇಕು. ತೊಟ್ಟಿಗೆ ಬೆಳಕು ಬಿದ್ದರೆ ಪಾಚಿ, ಬಾಯಿ ತೆರೆದಿದ್ದರೆ ಸೊಳ್ಳೆ. ಡೆಂಗಿಯ ಕಾಲದಲ್ಲಿ ಬಲೆ ಕಟ್ಟದ ತೊಟ್ಟಿ ಮನೆಗೆ ಕೇಡು. ಹೊಸ ಸಿಮೆಂಟು ತೊಟ್ಟಿಯ ಗೋಡೆಯಿಂದ ಸುಣ್ಣ ಬಿಡುವುದರಿಂದ ಮೊದಲೆರಡು ಸಲ ತುಂಬಿದ ನೀರನ್ನು ಚೆಲ್ಲಿ, ಅನಂತರದ್ದನ್ನು ಸಸಿಗಳಿಗೆ ಬಳಸಬೇಕು. ಟೆರೇಸಿನ ಕಪ್ಪು ಟ್ಯಾಂಕಿಯ ನೀರು ಮಧ್ಯಾಹ್ನ ಕೈಗೆ ಬಿಸಿ ಹತ್ತುವಷ್ಟು ಕಾಯುತ್ತದೆ, ಅದು ಯಾವ ಮೂಲದ್ದೇ ಆಗಲಿ ಬೆಳಿಗ್ಗೆಯೇ ಬಳಸಿ ಮುಗಿಸುವುದು ಲೇಸು.

ಈ ನಾಡಿನ ಮಳೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಬೇಸಿಗೆಯಿಡೀ ಚೀಲದಲ್ಲಿ ಕೂಡಿದ ಲವಣವನ್ನು ಜೂನ್ ತಿಂಗಳು ತೊಳೆದುಬಿಡುತ್ತದೆ. ಹೀಗಾಗಿ ಅಂಗಳದಲ್ಲಿಟ್ಟ ಕುಂಡಗಳಿಗೆ ಸಾಧಾರಣ ನೀರೂ ವರ್ಷಾನುಗಟ್ಟಲೆ ನಡೆಯುತ್ತದೆ. ಪ್ಲಾಸ್ಟಿಕ್ ಹೊದಿಸಿದ ಮಳೆಮರೆಯೊಳಗಿನ ಚೀಲಗಳಿಗೆ, ಮಾಡಿನ ಅಡಿಯ ಕುಂಡಗಳಿಗೆ ಈ ಭಾಗ್ಯ ಇಲ್ಲ. ಅವನ್ನು ಮಳೆಗಾಲದಲ್ಲಿ ಒಂದು ವಾರ ಹೊರಗೆ ಇಡಬೇಕು ಅಥವಾ ಮಳೆನೀರಿನಿಂದಲೇ ಎರಡು ಮೂರು ಸಲ ತುಂಬಿ ಹರಿಸಬೇಕು.

ಮನೆಯೊಳಗಿನ ಉಳಿಕೆ ನೀರು

ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಗಿಡಕ್ಕೆ ಒಳ್ಳೆಯದೇ; ಉಪ್ಪು ಹಾಕಿ ತೊಳೆದ ಮೀನಿನ ನೀರು ಬೇಡ. ಬಚ್ಚಲಿನ ನೀರು ಬಾಳೆಯ ಬುಡಕ್ಕೆ ಹೋಗಲಿ, ಬಟ್ಟೆ ಒಗೆದ ಸೋಪಿನ ಪುಡಿಯ ನೀರನ್ನು ಚೀಲಗಳಿಗೆ ಹೊಯ್ಯಬಾರದು, ಅದರಲ್ಲಿ ಸೋಡಿಯಂ ಹೆಚ್ಚು. ನೀರನ್ನು ಮೆದು ಮಾಡುವ ಉಪ್ಪಿನ ಯಂತ್ರದಿಂದ ಬಂದದ್ದಕ್ಕೂ ಇದೇ ಮಾತು ಸಲ್ಲುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಮೂಲ ನೀರಿನ ಲವಣ ಒತ್ತೊತ್ತಾಗಿ ಸೇರಿರುತ್ತದೆ. ಮೂಲವೇ 60 ಪಿಪಿಎಂ ಆಗಿದ್ದರೆ ಅದನ್ನು ಧಾರಾಳವಾಗಿ ಬಳಸಬಹುದು, 600 ಆಗಿದ್ದರೆ ಅಂಗಳ ತೊಳೆಯಲು ಸಾಕು. ಮುರಕಲ್ಲಿನ ಬಾವಿಯ ಮನೆಯಲ್ಲಿ ಲವಣ ತೆಗೆಯುವುದಕ್ಕೆಂದು ಆರ್‌ಒ ಇಟ್ಟುಕೊಳ್ಳುವುದೇ ಒಂದು ವ್ಯರ್ಥ ಖರ್ಚು ಎಂಬುದು ಬೇರೆ ಮಾತು. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಮಳೆನೀರಿನಂತೆಯೇ ಲವಣವಿಲ್ಲದ್ದು, ಆದರೆ ಪ್ರಮಾಣ ಒಂದೆರಡು ಕುಂಡಗಳಿಗಷ್ಟೇ.

ಎರಡು ನೀರಿರುವ ಮನೆಯಲ್ಲಿ ಹಂಚುವ ಕ್ರಮ

ಗುಡ್ಡದ ಬದಿಯ ಮನೆಯವರು ಸುರಂಗ ಅಥವಾ ಮುರಕಲ್ಲಿನ ಬಾವಿಯನ್ನು ಮುಖ್ಯವಾಗಿಟ್ಟುಕೊಂಡು ಡೋಲೊಮೈಟಿಗೆ ಸ್ವಲ್ಪ ಹಣ ಎತ್ತಿಡುವುದು ಸರಿ. ಕಡಲ ಬದಿಯವರು ಮೇಲ್ಪದರದ ಬಾವಿ ನೀರಿಗೆ ಮಳೆನೀರಿನ ಬೆಂಬಲ ಕೊಡಬೇಕು. ಬೋರ್ ಒಂದೇ ಇರುವ ನಡುನಾಡಿನ ಮನೆಯವರಿಗೆ ಮೊದಲು ಬೇಕಾದದ್ದು ಗಾಳಿಯಾಡಿಸುವ ತೊಟ್ಟಿ, ಅದರ ಹತ್ತಿರದಲ್ಲೇ ಮಾಡಿನ ನೀರು ಹಿಡಿಯುವ ಇನ್ನೊಂದು.

ಒಳ್ಳೆಯ ನೀರು ಕಡಿಮೆಯಿದ್ದಾಗ ಅದನ್ನು ಎಲ್ಲ ಗಿಡಗಳಿಗೂ ಸಮನಾಗಿ ಹಂಚಿದರೆ ಯಾವುದಕ್ಕೂ ಪ್ರಯೋಜನವಾಗದು. ಉಪ್ಪಿಗೂ ಸುಣ್ಣಕ್ಕೂ ಬೇಗ ಸೋಲುವುದು ಮೊಳಕೆ ಮತ್ತು ಬೇರು ಬಿಡದ ಕುಡಿ. ಬಿತ್ತಿದ ದಿನದಿಂದ ನಾಲ್ಕು ಎಲೆ ಬರುವವರೆಗೆ, ಕರಿಮೆಣಸಿನ ಕುಡಿಯಾದರೆ ಊರಿದ ದಿನದಿಂದ ಹೊಸ ಎಲೆ ಬಿಚ್ಚುವವರೆಗೆ ಮಳೆ ಅಥವಾ ಸುರಂಗದ ನೀರನ್ನೇ ಕೊಡಬೇಕು. ಅದು ಐವತ್ತು ತೊಟ್ಟೆಗಳಿಗೂ ದಿನಕ್ಕೆ ಒಂದೆರಡು ಬಾಲ್ದಿಯ ಮಾತು. ಅನಂತರ ಮಲ್ಲಿಗೆ, ಹಸಿಮೆಣಸು, ಬದನೆಗಳ ಸರದಿ. ಹರಿವೆ, ಬಸಳೆ, ಅಲಸಂಡೆಗಳು ಉಳಿದ ನೀರಿನಲ್ಲಿ ಸುಧಾರಿಸಿಕೊಳ್ಳುತ್ತವೆ, ತೆಂಗಿನ ಬುಡಕ್ಕೆ ಕೊನೆಯದು ಸಾಕು.